ನಿನ್ನೆ ಹಾಜರಿದ್ದವರು

ನಮಗೆ ಕಲಿಸುತ್ತಿದ್ದ ಅಕ್ಕೋರ ಎಡಗೈಯ ಮೂರು ಬೆರಳುಗಳು ಒಳಕ್ಕೆ ಮಡಚಿಕೊಂಡೇ ಇರುತ್ತಿದ್ದವು. ಚಿಕ್ಕಂದಿನಲ್ಲಿ ಒಲೆಯ ಕೆಂಡಕ್ಕೆ ಕೈ ಹಾಕಿ ಸುಟ್ಟುಕೊಂಡದ್ದಂತೆ. ಆ ಕೈಯಲ್ಲಿ ಹಾಜರಿ ಪುಸ್ತಕವನ್ನು ಎದೆಗೆ ಅವುಚಿಕೊಂಡು ಒಳಗೆ ಬಂದರೆ ಇಡೀ ವರ್ಗ ಗಪ್ಪಾಗುತ್ತಿತ್ತು. ಮಹಾ ಸಿಟ್ಟಿನ ಹೆಂಗಸು. ಕಾಗುಣಿತ ತಪ್ಪಿದರೆ ಕಿವಿ ಹಿಂಡುತ್ತಿದ್ದರು. ನಡುಹೊತ್ತಿನ ಬಿಡುವಿನಲ್ಲಿ ಗೋಡೆಯ ಕಡೆ ತಿರುಗಿ ಮೂಗಿಗೆ ತಪಕೀರು ಏರಿಸುತ್ತಿದ್ದರು. ಸೀನು ಬಂದರೆ, “ಸುಣ್ಣದ ಧೂಳು ಐತಿ, ಏನ ನೋಡ್ತೀರಿ?” ಎಂದು ನಮ್ಮನ್ನೇ ಗದರುತ್ತಿದ್ದರು. ಅವರು ನಮಗೆ ಹೇಳಿಹೇಳಿ ಗಟ್ಟಿಮಾಡಿಸಿದ ಮಾತು ಒಂದೇ: “ಕಂಡದ್ದು ಬರೀರಿ. ಯಾರೋ ಹೇಳಿದ್ದು ಬರೀಬ್ಯಾಡ್ರಿ.”

ಬೆಟಗೇರಿಯ ಆ ಹೆಣ್ಣುಮಕ್ಕಳ ಶಾಲೆಯನ್ನು ಊರಿನ ದೊಡ್ಡವರ ಒಂದು ಸಂಸ್ಥೆ ನಡೆಸುತ್ತಿತ್ತು. ಲಾಭಕ್ಕಲ್ಲ, ಸೇವೆಗಾಗಿ ಎಂದು ಬಾಗಿಲ ಮೇಲೆ ಬರೆಸಿದ್ದರು. ಆದರೆ ಶಾಲೆ ನಡೆಯುತ್ತಿದ್ದದ್ದು ಮುಂಬಯಿ ಸರಕಾರದ ಅನುದಾನದ ಮೇಲೆ. ಹಾಜರಿಯಲ್ಲಿ ಎಷ್ಟು ತಲೆಯೋ ಅಷ್ಟು ಅನುದಾನ. ನಮ್ಮವ್ವ ನನ್ನ ಕೈ ಹಿಡಿದುಕೊಂಡು ಎರಡು ಸಲ ಆ ಬಾಗಿಲಿಗೆ ಹೋಗಿದ್ದಳು. ಎರಡೂ ಸಲ ಸಂಸ್ಥೆಯ ಕಾರ್ಯದರ್ಶಿ, “ಜಾಗಾ ಇಲ್ಲ, ಹೋಗಬೇ” ಎಂದು ಅಟ್ಟಿದ್ದರು. ಮಗ್ಗದ ಓಣಿಯ ಹುಡುಗಿಯರು ಬಂದರೆ ಪೇಟೆಯವರು ತಮ್ಮ ಮಕ್ಕಳನ್ನು ಬಿಡಿಸಿಬಿಡುತ್ತಾರೆ ಎಂಬುದು ಖರೆ ಕಾರಣ. ಒಳಗೆ ಅರ್ಧಕ್ಕರ್ಧ ಕೂಡುವ ಹಲಗೆಗಳು ಖಾಲಿ ಇದ್ದದ್ದನ್ನು ನಾನೇ ಕಿಟಕಿಯಿಂದ ಕಂಡಿದ್ದೆ. ಮನೆಗೆ ಬಂದು ಮತ್ತೆ ಕಂಡಿಕೆಗೆ ನೂಲು ಸುತ್ತಲು ಕೂತೆ.

ಸ್ವಾತಂತ್ರ್ಯ ಬಂದ ಮರುವರ್ಷ ಒಂದು ಮುಂಜಾನೆ ಅದೇ ಶಾಲೆಯ ಸಿಪಾಯಿ ನಮ್ಮ ಓಣಿಗೆ ಬಂದ. “ಹುಡುಗೀರನ್ನ ಜಲ್ದಿ ಕಳಸ್ರಿ, ಸಾಲ್ಯಾಗ ಕರದಾರ” ಎಂದ. ಅವ್ವ ಹಿಗ್ಗಿ ನನ್ನ ತಲೆ ಬಾಚಿದಳು. ಶಾಲೆಯಲ್ಲಿ ನಮಗೆ ಯಾರದೋ ಲಂಗ, ಬರೆಯಲು ಯಾರದೋ ಪಾಟಿ ಕೊಟ್ಟರು. ಕಾರ್ಯದರ್ಶಿ ನನ್ನ ಮುಂದೆ ಬಗ್ಗಿ, “ಇವತ್ತ ನೀ ಶಾರದಾ. ಹೆಸರು ಕರದಾಗ ಹಾಜರ ಅನ್ನು. ಬ್ಯಾರೆ ಮಾತಾಡಬ್ಯಾಡ” ಎಂದರು. ಶಾರದಾ ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಹೋಗಿ ವರ್ಷವಾಗಿತ್ತು. ಪುಸ್ತಕದಲ್ಲಿ ಮಾತ್ರ ದಿನಾ ಶಾಲೆಗೆ ಬರುತ್ತಿದ್ದಳು. ಅಕ್ಕೋರು ಬರೆಯುವ ಪುಸ್ತಕ ಬೇರೆ; ಇದನ್ನು ಸರಕಾರಕ್ಕೆ ತೋರಿಸಲೆಂದು ಕಚೇರಿಯಲ್ಲಿ ಬೇರೆಯವರು ಬರೆಯುತ್ತಿದ್ದರು.

ಸರಕಾರದ ಇನ್‌ಸ್ಪೆಕ್ಟರ್ ಬಂದರು. ಹೆಸರು ಕರೆದರು. ನಾವೆಲ್ಲ ಹಾಜರ ಎಂದೆವು. ಅವರು ಖುಷಿಯಾಗಿ ಅಕ್ಕೋರ ಕಡೆ ತಿರುಗಿ, “ಇಷ್ಟೂ ಹುಡುಗ್ಯಾರು ದಿನಾ ಬರತಾರೇನ್ರಿ?” ಎಂದು ಕೇಳಿದರು.

“ಇಲ್ಲರಿ ಸಾಹೇಬ್ರ” ಎಂದರು ಅಕ್ಕೋರು. “ಮುಂದಿನ ಎರಡು ಸಾಲಿನವರು ನನ್ನ ಹುಡುಗ್ಯಾರು. ಉಳದವರನ್ನ ಇವತ್ತು ಮುಂಜಾನಿ ಹಿಡಕೊಂಡು ಬಂದಾರ.”

ಕಾರ್ಯದರ್ಶಿಯ ಮುಖ ಕಪ್ಪಿಟ್ಟಿತು. ಇನ್‌ಸ್ಪೆಕ್ಟರ್ ಅಕ್ಕೋರನ್ನು ನೋಡಿದರು, ಕಾರ್ಯದರ್ಶಿಯನ್ನು ನೋಡಿದರು. ಆಮೇಲೆ ನಕ್ಕು, “ಅಕ್ಕೋರು ಚೇಷ್ಟಿ ಮಾಡತಾರ” ಎಂದು ಎದ್ದು ಕಾರ್ಯದರ್ಶಿಯ ಮನೆಗೆ ಊಟಕ್ಕೆ ಹೋದರು. ವರದಿಯಲ್ಲಿ ನಾವೆಲ್ಲರೂ ಹಾಜರು. ಲಂಗ ಬಿಚ್ಚಿಸಿ, ಪಾಟಿ ಕಸಿದುಕೊಂಡು ನಮ್ಮನ್ನು ಹೊರಗೆ ಬಿಟ್ಟರು. ಬಾಗಿಲಲ್ಲಿ ಅಕ್ಕೋರು ನಮ್ಮನ್ನು ತಡೆದು, “ನಾಳೆ ಹತ್ತಕ್ಕ ಬರ್ರಿ. ತಪ್ಪಿಸಿದರ ಕಿವಿ ಹಿಂಡತೀನಿ” ಎಂದರು.

ಹೋದೆವು. ಸಿಪಾಯಿ ಅಡ್ಡ ನಿಂತ. ಅಕ್ಕೋರು ಹೊರಗೆ ಬಂದು ಅವನ ಎದುರಿಗೇ ನಿಂತರು. “ನಿನ್ನೆ ಸರಕಾರದ ಮುಂದ ಹಾಜರಿದ್ದವರು ಇವತ್ತು ಹೆಂಗ ಹೊರಗಿನವರಾದ್ರು? ಬಿಡೋ ಒಳಗ!” ಖಬರ ಹತ್ತಿ ಕಾರ್ಯದರ್ಶಿ ತಮ್ಮ ಅರಳೆ ಅಂಗಡಿಯಿಂದ ಓಡಿ ಬಂದರು.

“ಅಕ್ಕೋರ, ಸಂಸ್ಥಾದ ಉಪ್ಪು ತಿಂತೀರಿ, ನೆನಪಿರಲಿ.”

“ಉಪ್ಪು ಸಂಸ್ಥಾದ್ದಲ್ಲರಿ. ಈ ಹುಡುಗ್ಯಾರ ಅವ್ವಂದಿರು ಚಿಮಣಿ ಎಣ್ಣಿ ಕೊಂಡಾಗ, ನೂಲು ಕೊಂಡಾಗ ಸರಕಾರಕ್ಕ ಕಟ್ಟಿದ್ದು. ಅವರ ರೊಕ್ಕ ಒಳಗ ಬರಬೇಕು, ಅವರ ಮಕ್ಕಳು ಬರಬಾರದೇನು? ಹೊರಗ ಹಾಕ್ರಿ ಬೇಕಾದರ. ನಿನ್ನೆ ಇದ್ದವರು ಎಲ್ಲಿ ಹೋದರಂತ ನಾನ ಧಾರವಾಡದ ಶಿಕ್ಷಣ ಕಚೇರಿಗೆ ಬರೀತೀನಿ.”

ಕಾರ್ಯದರ್ಶಿ ಸಿಪಾಯಿಗೆ ಬಿಡು ಎಂದು ಕೈಸನ್ನೆ ಮಾಡಿದರು. ಅವರದೇ ಸುಳ್ಳು ಅವರ ಕೈ ಕಟ್ಟಿಹಾಕಿತ್ತು. ಅಕ್ಕೋರು ನನ್ನನ್ನು ಕೂಡಿಸಿ, “ನಿನ್ನ ಖರೆ ಹೆಸರೇನಲೇ?” ಎಂದು ಕೇಳಿ ಹೊಸ ಪುಟದಲ್ಲಿ ಬರೆದುಕೊಂಡರು. ಪೇಟೆಯ ಒಬ್ಬರೂ ತಮ್ಮ ಮಕ್ಕಳನ್ನು ಬಿಡಿಸಲಿಲ್ಲ.

ಕಾರ್ಯದರ್ಶಿ ಮರೆಯಲಿಲ್ಲ, ಕಾದರು. ನಾನು ಏಳನೇ ವರ್ಗದ ಮುಲ್ಕಿ ಪರೀಕ್ಷೆ ಪಾಸಾದ ವರ್ಷ ಅಕ್ಕೋರನ್ನು ಕೆಲಸದಿಂದ ತೆಗೆದರು. ಕಾರಣ: ಕೈ ಊನವಿರುವುದರಿಂದ ಬೋಧನೆಗೆ ಅಸಮರ್ಥರು. ಅಷ್ಟು ವರ್ಷ ಅದೇ ಕೈಯಿಂದ ಕಲಿಸಿದವರಿಗೆ! ಆ ಕಾಗದ ಓದಿದಾಗ ಮೈಯೆಲ್ಲ ಉರಿದದ್ದು ಇಂದಿಗೂ ಆರಿಲ್ಲ.

ಅಷ್ಟರಲ್ಲಿ ಕರ್ನಾಟಕ ಒಂದಾಯಿತು. ಅದೇ ಶಾಲೆಯಲ್ಲಿ ತೋರಣ ಕಟ್ಟಿ, ಪೇಢೆ ಹಂಚಿ, ಕಾರ್ಯದರ್ಶಿ ಕನ್ನಡ ತಾಯಿಯ ಬಗ್ಗೆ ತಾಸುಗಟ್ಟಲೆ ಮಾತಾಡಿದರು. ನಾನು ಅಕ್ಕೋರ ಜೊತೆ ಅರ್ಜಿ ಹಿಡಿದು ಧಾರವಾಡದ ಕಚೇರಿಗೆ ಹೋದೆ. ಅಧಿಕಾರಿ ಕಾಗದ ಪೂರ್ತಿ ಓದಲೂ ಇಲ್ಲ. “ಇದು ಮುಂಬಯಿ ಸರಕಾರದ ಕಾಲದ್ದು. ಮ್ಯಾಲೆ ಇದು ಖಾಸಗಿ ಸಂಸ್ಥಾ. ಅವರ ಒಳಗಿನ ವಿಚಾರದಾಗ ಸರಕಾರ ಕೈ ಹಾಕೂದಿಲ್ಲ” ಎಂದರು.

“ರೊಕ್ಕ ಸರಕಾರದ್ದು” ಎಂದರು ಅಕ್ಕೋರು. “ಹಂಗಾದರ ನಾನು ಯಾರಕಿ?”

ಅಧಿಕಾರಿ ಗಂಟೆ ಬಾರಿಸಿ ಮುಂದಿನವರನ್ನು ಕರೆದರು. ನಾವು ಮತ್ತೆ ಮೂರು ಸಲ ಹೋದೆವು. ಕೊನೆಯ ಸಲ ಕಡತವೇ ಇಲ್ಲವೆಂದರು. ಹಿಂದಿರುಗುವ ರೈಲಿನಲ್ಲಿ ಅಕ್ಕೋರು ಅರ್ಜಿಯ ನಕಲನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತ ಕೂತರು. ಅಳುತ್ತಾರೆಂದು ನಾನು ಹೆದರಿದ್ದೆ. ಗದಗ ಬಂದಾಗ, “ಅರ್ಜಿಯೊಳಗ ‘ವಿಚಾರಣೆ’ಯ ‘ಣೆ’ಗೆ ‘ನೆ’ ಬರದೀದಿ. ಇಷ್ಟು ಕಲಿಸಿದರೂ ಹಂಗ ಬರೀತಿ” ಎಂದು ಗದರಿದರು.

ಆಮೇಲೆ ಅವರು ಶಿಗ್ಲಿಯಲ್ಲಿ ತಮ್ಮನ ಮನೆ ಸೇರಿದರು. ಪಿಂಚಣಿಯಿಲ್ಲ, ಬಿಡಿಗಾಸಿಲ್ಲ. ಸೆರಗಿಗೆ ತೇಪೆ ಹಾಕಿಕೊಂಡು, ತಮ್ಮನ ಹೆಂಡತಿಯ ಮುಖ ನೋಡಿ ಊಟಕ್ಕೆ ಕೂಡುತ್ತಿದ್ದರು. ನಾನು ಶಿರಹಟ್ಟಿಯಲ್ಲಿ ಸರಕಾರಿ ಶಾಲೆಯ ಶಿಕ್ಷಕಿಯಾಗಿ ಮೊದಲ ಪಗಾರದಲ್ಲಿ ಸೀರೆ ಒಯ್ದಾಗ ಅವರು ಹಾಸಿಗೆ ಹಿಡಿದಿದ್ದರು. ಉಟ್ಟುಕೊಳ್ಳಲಿಲ್ಲ. ವಾರದೊಳಗೆ ತೀರಿಕೊಂಡರು. ಆ ಸೀರೆಯನ್ನೇ ಹೊದಿಸಿದೆವು.

ತಿಂಗಳಾದ ಮೇಲೆ ಸಂಸ್ಥೆಯವರು ಶೋಕಸಭೆ ಇಟ್ಟರು. ಹಳೆಯ ವಿದ್ಯಾರ್ಥಿನಿ ಎಂದು ನನ್ನನ್ನು ವೇದಿಕೆಗೆ ಕರೆದರು. ಕಾರ್ಯದರ್ಶಿ ಅಕ್ಕೋರನ್ನು ತ್ಯಾಗಮೂರ್ತಿ ಎಂದು ಹೊಗಳಿ ಕಣ್ಣು ಒರೆಸಿಕೊಂಡು ಕೂತರು. ನಾನು ಎದ್ದು ನಿಂತೆ. ಬರೆದುಕೊಂಡು ಹೋಗಿದ್ದ ಭಾಷಣ ಮಡಚಿಟ್ಟೆ.

“ಅವರು ಏನನ್ನೂ ತ್ಯಾಗ ಮಾಡಲಿಲ್ಲ” ಎಂದೆ. “ನೀವು ಕಸಗೊಂಡ್ರಿ.”

ಇನ್‌ಸ್ಪೆಕ್ಟರ್ ಬಂದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಸಭೆಯಲ್ಲಿ ಗದ್ದಲವಾಯಿತು. ಯಾರೋ ಕೂತ್ಕೋ ಎಂದು ಕೂಗಿದರು. ಹಿಂದಿನಿಂದ ಅವ್ವ ಎದ್ದು ನಿಂತು, “ಹೇಳವಾ, ನಾವು ಕೇಳತೀವಿ” ಎಂದಳು. ಅವಳ ಆಚೀಚೆ ಮಗ್ಗದ ಓಣಿಯ ಹೆಂಗಸರು ಒಬ್ಬೊಬ್ಬರೇ ಎದ್ದು ನಿಂತರು. ನಾನು ಪೂರ್ತಿ ಹೇಳಿ ಮುಗಿಸುವವರೆಗೂ ಅವರು ಕೂಡಲಿಲ್ಲ.