ನನ್ನದು ಬನ್ನಿ ಬೆಡಗು

ಮಾಳಮ್ಮ, ನಾನು ನಿಮ್ಮ ಬೆಡಗಿನವನಲ್ಲ. ಆ ದಿನವೂ ಆಗಿರಲಿಲ್ಲ, ಯಾವ ದಿನವೂ ಆಗಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮದುವೆ ನಿಂತದ್ದು ನಾನು ಆಡಿದ ಒಂದು ಸುಳ್ಳಿನಿಂದ — ಆಡಿದ, ಅಥವಾ ಆಗಗೊಟ್ಟ. ಇದರಲ್ಲಿ ಯಾವುದು ಸರಿ ಎಂದು ನನ್ನ ನೆನಪು ಇಂದಿಗೂ ಎರಡು ಬಗೆಯಾಗಿ ಹೇಳುತ್ತದೆ. ಆದರೆ ಸುಳ್ಳು ನನ್ನದೇ, ಅದರಲ್ಲಿ ಎರಡು ಬಗೆಯಿಲ್ಲ.

ಇದನ್ನು ಓದುವ ಬೇರೆಯವರಿಗಾಗಿ ಸ್ವಲ್ಪ ಹೇಳಬೇಕು. ಕುರಿ ಕಾಯುವ ನಮ್ಮ ಜನರಲ್ಲಿ ಪ್ರತಿ ಮನೆಗೂ ಒಂದು ಬೆಡಗು. ಅದು ತಂದೆಯಿಂದ ಬರುವುದು. ಒಂದೇ ಬೆಡಗಿನವರು ಎಲ್ಲೇ ಹುಟ್ಟಿದ್ದರೂ ಅಣ್ಣ ತಂಗಿಯರು. ಅವರೊಳಗೆ ಮದುವೆ ಇಲ್ಲ. ಬೆಡಗಿಗೆ ಹೆಸರು ಕೊಟ್ಟ ಗಿಡವನ್ನಾಗಲಿ ಕಾಳನ್ನಾಗಲಿ ಆ ಬೆಡಗಿನವರು ಕಡಿಯುವುದಿಲ್ಲ, ತಿನ್ನುವುದಿಲ್ಲ. ಮಾಳಮ್ಮನವರದು ಜೀರಿಗೆ ಬೆಡಗು. ಅವರ ಅಡುಗೆಮನೆಯಲ್ಲಿ ಜೀರಿಗೆ ಇರುತ್ತಿರಲಿಲ್ಲ. ನಮ್ಮಪ್ಪನದು ಬನ್ನಿ. ಆದರೆ ಅಪ್ಪ ಆದಿವಾಲದ ನಮ್ಮ ತಾತನ ಮನೆಗೆ ಮನೆಯಳಿಯನಾಗಿ ಬಂದವನು, ಆ ತಾತ ಜೀರಿಗೆಯವನು. ಮದುವೆಯಾದ ಮೇಲೆ ಅವ್ವ ಅಪ್ಪನ ಬೆಡಗಿಗೆ ಸೇರಿದಳು. ಒಗ್ಗರಣೆಗೆ ಜೀರಿಗೆ ಬಂತು, ಹಿತ್ತಲಿನ ಬನ್ನಿ ಮರಕ್ಕೆ ಕೊಡಲಿ ಹಾಕುವುದು ನಿಂತಿತು. ಊರು ಮಾತ್ರ ತಾತನ ಕಾಲದ ರೂಢಿಯಲ್ಲಿ ನಮ್ಮದನ್ನು ‘ಜೀರಿಗೇರ ಮನೆ’ ಎಂದೇ ಕರೆಯುತ್ತಿತ್ತು. ಅಪ್ಪ ಬೇಗ ಸತ್ತ. ನಾನು ಬಚ್ಚಿಟ್ಟುಕೊಂಡದ್ದು ಈ ಸಣ್ಣ ಗೊಂದಲದ ಹಿಂದೆ.

ಅವು ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದೆ. ಬೆಡಗು, ಕುಲ, ಮಡಿ ಎಲ್ಲ ಮನುಷ್ಯ ತಾನೇ ಕಟ್ಟಿಕೊಂಡ ಬೇಲಿಗಳು ಎಂದು ಗಂಟಲು ಹರಿಯುವಂತೆ ಪಾಠ ಮಾಡುತ್ತಿದ್ದೆ. ನೀವು ಹೊಸದುರ್ಗದಲ್ಲಿ ಡಾಕ್ಟರು. ನಮ್ಮ ಜನರಲ್ಲಿ ಅಷ್ಟು ಓದಿದ ಹೆಂಗಸನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ‘ಕುರಿ ಕಾಯೋರ ಮಗಳು ನಾಡಿ ಹಿಡೀತಾಳಂತೆ’ ಎಂದು ಆಡಿಕೊಂಡವರೇ ಬಸುರಿ ಸೊಸೆಯರನ್ನು ಗಾಡಿಯಲ್ಲಿ ಹಾಕಿಕೊಂಡು ನಿಮ್ಮ ಬಾಗಿಲಿಗೆ ಬರುತ್ತಿದ್ದರು. ಮೆಡಿಕಲ್ ಕಾಲೇಜಿನಲ್ಲಿ ಯಾರೋ ಹೆಸರು ಬದಲಾಯಿಸಿಕೋ, ಮಾಲಿನಿ ಅಂತ ಇಟ್ಟುಕೋ ಅಂದರಂತೆ. ‘ಮಾಳಮ್ಮನ ಹೆಸರು ಹೇಳಿದ್ರೆ ನಮ್ಮ ಕುರಿಗಳೂ ತಿರುಗಿ ನೋಡ್ತಾವೆ, ನಿಮ್ಮ ಮಾಲಿನಿಗೆ ಯಾರು ನೋಡ್ತಾರೆ’ ಅಂದಿರಂತೆ ನೀವು. ಇದನ್ನು ನೀವು ಹೇಳಿದ್ದೋ ನಿಮ್ಮಪ್ಪ ಹೇಳಿದ್ದೋ ಈಗ ನೆನಪಿಲ್ಲ.

ನಮ್ಮವ್ವನ ಕಣ್ಣಿಗೆ ಪೊರೆ ಬಂದಿತ್ತು. ಅವಳನ್ನು ನಿಮ್ಮ ಹತ್ತಿರ ಕರೆತಂದದ್ದೇ ನಮ್ಮ ಮೊದಲ ಭೇಟಿ. ನೀವು ಕಣ್ಣಿನ ಡಾಕ್ಟರಲ್ಲ. ಆದರೂ ಚಿತ್ರದುರ್ಗದಲ್ಲಿ ಆಪರೇಷನ್ ಮಾಡಿಸಿ, ಕಟ್ಟು ಬಿಚ್ಚುವವರೆಗೂ ಅವಳನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಂಡಿರಿ. ಒಳಕೋಣೆಯಲ್ಲಿ ಲಕ್ವ ಹೊಡೆದು ಮಲಗಿದ್ದ ನಿಮ್ಮಪ್ಪ, ನಡುಮನೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನಮ್ಮವ್ವ. ಇಬ್ಬರೂ ಒಬ್ಬರಿಗೊಬ್ಬರು ಕಾಣದೆ ಕೂಗಿ ಕೂಗಿ ಹಟ್ಟಿ, ಮೇವು, ಸತ್ತುಹೋದ ನಾಯಿಗಳ ಕಥೆ ಹೇಳಿಕೊಳ್ಳುತ್ತಿದ್ದರು, ಬೆಡಗಿನ ಮಾತು ಮಾತ್ರ ಎದ್ದಿರಲಿಲ್ಲ. ಭಾನುವಾರ ನಾನು ಬಸ್ಸಿಳಿದು ಬಂದರೆ ನಿಮ್ಮಪ್ಪ ತೊದಲುತ್ತಲೇ ಕೂಗುತ್ತಿದ್ದರು: "ಏನಪ್ಪ ಮೇಷ್ಟ್ರೇ, ನನ್ನ ಅರ್ಧ ಮೈ ಆಗ್ಲೇ ಹೊಂಟೋಗೈತೆ. ಉಳಿದರ್ಧಕ್ಕೆ ಒಂದು ಚಾ ಕೊಡ್ಸು."

ಅವ್ವನಿಗೆ ಕಣ್ಣು ಕಾಣುವಂತಾದ ಮೇಲೂ ನಾನು ಭಾನುವಾರಗಳನ್ನು ಬಿಡಲಿಲ್ಲ. ಇಬ್ಬರಿಗೂ ನಲವತ್ತು ಹತ್ತಿರ. ಓದು, ಕೆಲಸ, ಮನೆಯವರು ಎನ್ನುತ್ತ ಮದುವೆಯ ವಯಸ್ಸು ಯಾವಾಗ ದಾಟಿತೋ. ನಾನು ಕೇಳಿದೆ. ನೀವು ನಾಚಲಿಲ್ಲ, ಲೆಕ್ಕ ಹಾಕಿದಿರಿ. ನಿಮಗೆ ಬೆಂಗಳೂರಿನಲ್ಲಿ ಸರ್ಜರಿ ಓದಲು ಸೀಟು ಸಿಗುವುದಿತ್ತು. ಹೋದರೆ ಅಪ್ಪನನ್ನು ಯಾರು ನೋಡಿಕೊಳ್ಳಬೇಕು?

"ಮದುವೆ ಆಗಿ ಅಪ್ಪನ್ನ ದುರ್ಗಕ್ಕೆ ಕರ್ಕಂಡು ಹೋಗಾಣ. ನಾನು ಓದಿ ಬರೋತನಕ ನೀವು ನೋಡ್ಕಳ್ತೀರಲ್ಲ ಮೇಷ್ಟ್ರೇ?"

"ನೋಡ್ಕಳ್ತೀನಿ ಡಾಕ್ಟ್ರೇ" ಎಂದೆ. ಆಗ ಅದು ನಿಜವಾಗಿತ್ತು ಎಂದುಕೊಂಡಿದ್ದೇನೆ. ನಿಜವಾಗಿತ್ತೇ? ಮನುಷ್ಯ ತನ್ನ ಒಳ್ಳೆಯ ಗಳಿಗೆಗಳನ್ನು ನೆನಪಿನಲ್ಲಿ ತಿದ್ದಿ ಇಡುತ್ತಾನೆ —

ಒಂದು ಭಾನುವಾರ ಹೆರಿಗೆಯೊಂದಕ್ಕೆ ನಿಮಗೆ ಕರೆ ಬಂತು. ಮನೆಯಲ್ಲಿ ನಾನು, ನಿಮ್ಮಪ್ಪ ಇಬ್ಬರೇ. ಅವರು ಹಾಸಿಗೆಯಲ್ಲೇ ಮಾಡಿಕೊಂಡರು. ನಾನೇ ತೊಳೆದೆ, ಬಟ್ಟೆ ಬದಲಾಯಿಸಿದೆ. ಅವರು ಗೋಡೆಯ ಕಡೆ ಮುಖ ಮಾಡಿಕೊಂಡು, "ತಪ್ಪಾಯ್ತು ಕಣಪ್ಪ, ತಪ್ಪಾಯ್ತು" ಎನ್ನುತ್ತಿದ್ದರು. ಏನೂ ಆಗಿಲ್ಲ ಎಂದು ಸಮಾಧಾನ ಹೇಳಿ, ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ನೀವು ಬಂದಾಗ ಅವರು ನನ್ನನ್ನು ಹೊಗಳುತ್ತಿದ್ದರು. ನಿಮ್ಮ ಮುಖದಲ್ಲಿ ಅಂದು ಕಂಡ ನಿರಾಳ — ಅದನ್ನು ನೋಡಿಯೇ ನನಗೆ ಭಯವಾಯಿತು. ಇನ್ನು ಎಷ್ಟು ವರ್ಷವೋ. ಅದೇ ದಿನಗಳಲ್ಲಿ ಮೈಸೂರಿನಲ್ಲಿ ಸಂಶೋಧನೆಗೆ ಅವಕಾಶ ಬಂತು. ನಿಮಗೆ ಹೇಳಲಿಲ್ಲ.

ಆಗಲೇ ಬೇಡ ಎನ್ನಬಹುದಿತ್ತು. ‘ನನ್ನಿಂದ ಆಗಲ್ಲ ಡಾಕ್ಟ್ರೇ, ನನಗೆ ಹೇಸಿಗೆಯಾಗ್ತದೆ, ನನಗೂ ಓದಬೇಕು’ ಎಂದಿದ್ದರೆ ನೀವು ಎರಡು ದಿನ ಅಳುತ್ತಿದ್ದಿರಿ, ಬೇರೆ ದಾರಿ ಹುಡುಕುತ್ತಿದ್ದಿರಿ. ಆದರೆ ನಿಮ್ಮ ಕಣ್ಣಿನಲ್ಲಿ ನಾನು ಚಿಕ್ಕವನಾಗಬಾರದಿತ್ತು. ನಿಮ್ಮನ್ನು ಬಿಡಬೇಕಿತ್ತು, ಬಿಟ್ಟವನು ಎನಿಸಿಕೊಳ್ಳಬಾರದಿತ್ತು.

ಮಾತುಕತೆಗೆ ಎಂದು ಹೊಳಲ್ಕೆರೆ ಕಡೆಯಿಂದ ನಿಮ್ಮ ಚಿಕ್ಕಪ್ಪ ಆದಿವಾಲಕ್ಕೆ ಬಂದರು. ನಮ್ಮಣ್ಣ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದ. ಅವನಿದ್ದಿದ್ದರೆ ನಾನು ಬಾಯಿ ತೆಗೆಯುವ ಮೊದಲೇ ಅಪ್ಪನ ಬೆಡಗನ್ನು ಕೂಗಿ ಹೇಳುತ್ತಿದ್ದ. ಮನೆಯಲ್ಲಿದ್ದದ್ದು ನಾನು, ಅವ್ವ, ಒಲೆಯ ಮುಂದೆ ಅತ್ತಿಗೆ.

"ಬರ್ರಿ ಬೀಗರೇ, ಕುಂತ್ಕಳ್ರಿ" ಎಂದು ಅವ್ವ ಕಂಬಳಿ ಹಾಸಿದಳು.

"ಕುಂತ್ಕಳ್ಳಾಕೆ ಟೈಮ್ ಎಲ್ಲೈತಮ್ಮ, ಗಂಡು ಹೆಣ್ಣು ಇಬ್ರಿಗೂ ತಲೆ ನೆರೀತಾ ಐತೆ. ಬೆಡಗು ಒಂದು ಕೇಳ್ಕಂಡು ಬ್ಯಾಗ ಬ್ಯಾಗ ಮುಗಿಸಾಣ" ಎಂದು ನಕ್ಕು, ನನ್ನ ಕಡೆ ತಿರುಗಿದರು. "ಊರ ಬಾಗಿಲಾಗೆ ಕೇಳಿದ್ರೆ ಜೀರಿಗೇರ ಮನೆ ಅಂದ್ರಲ್ಲ ಮೇಷ್ಟ್ರೇ. ನಿಮ್ದೂ ಜೀರಿಗೇನೇನು?"

ಇಲ್ಲಿ ನನ್ನ ನೆನಪು ಕವಲಾಗುತ್ತದೆ. ಒಂದರಲ್ಲಿ ನಾನು ‘ಹೌದು’ ಎನ್ನುತ್ತೇನೆ, ಸ್ಪಷ್ಟವಾಗಿ, ತರಗತಿಯಲ್ಲಿ ಉತ್ತರ ಹೇಳುವ ಹಾಗೆ. ಇನ್ನೊಂದರಲ್ಲಿ ತಲೆ ತಗ್ಗಿಸಿ ಸುಮ್ಮನಿರುತ್ತೇನೆ, ಅವರೇ ಹೌದೆಂದುಕೊಳ್ಳುತ್ತಾರೆ. ಬಹಳ ವರ್ಷ ನಾನು ಎರಡನೆಯದನ್ನೇ ನಂಬಿದ್ದೆ. ಸುಮ್ಮನಿದ್ದವನ ತಪ್ಪು ಕಡಿಮೆ ಎಂದು.

ಆದರೆ ಮುಂದೆ ನಡೆದದ್ದರಲ್ಲಿ ಅನುಮಾನವಿಲ್ಲ. ಅತ್ತಿಗೆ ಮುದ್ದೆ ಇಟ್ಟು ಸಾರು ಬಡಿಸಿದಳು. ನಿಮ್ಮ ಚಿಕ್ಕಪ್ಪ ಮುರಿದ ತುತ್ತನ್ನು ಸಾರಿಗೆ ಅದ್ದಿ, ಮೂಸಿ, ಕೈ ತಡೆದರು.

"ಇದಕ್ಕೆ ಜೀರಿಗೆ ಹಾಕೀರಲ್ಲ?"

ಸತ್ಯ ತಾನಾಗಿ ಬಂದು ತಟ್ಟೆಯಲ್ಲಿ ಕೂತಿತ್ತು. ನಾನು ಒಂದು ಮಾತೂ ಆಡಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಅವ್ವ ಬಿಡಿಸಿ ಹೇಳುತ್ತಿದ್ದಳು. ನಾನು ಬಾಯಿ ಹಾಕಿದೆ: "ಓದಿದೋರ ಮನೆ, ಅದನ್ನೆಲ್ಲ ಈಗ ಯಾರು ಪಾಲಿಸ್ತಾರೆ ಬಿಡ್ರಿ."

ಸುಮ್ಮನಿದ್ದವನು ಈ ಮಾತು ಆಡುವುದಿಲ್ಲ, ಮಾಳಮ್ಮ. ಇದು ಒಮ್ಮೆ ಸುಳ್ಳು ಹೇಳಿದವನು ಅದಕ್ಕೆ ಕಾವಲು ನಿಂತು ಆಡುವ ಮಾತು. ಹಾಗಾಗಿ ನಾನು ‘ಹೌದು’ ಎಂದಿದ್ದೆ ಎಂದೇ ತೀರ್ಮಾನಿಸಿದ್ದೇನೆ. ಅದಕ್ಕಿಂತ ನಾಚಿಕೆಯದು ಇನ್ನೊಂದು — ನಾನು ಬೆಡಗನ್ನು ನಂಬುತ್ತಿರಲಿಲ್ಲ ಎನ್ನುವುದು ಊರಿಗೆಲ್ಲ ಗೊತ್ತಿತ್ತು, ಅದಕ್ಕೇ ಆ ಸುಳ್ಳನ್ನು ಅವರು ನಂಬಿದರು. ನನ್ನ ವಿಚಾರವಂತಿಕೆ ಅಂದು ಮಾಡಿದ ಕೆಲಸ ಅದೊಂದೇ.

ನಿಮ್ಮ ಚಿಕ್ಕಪ್ಪ ಕೈ ತೊಳೆದುಕೊಂಡರು. ಸಿಟ್ಟಾಗಲಿಲ್ಲ. ನನ್ನ ಭುಜ ಮುಟ್ಟಿ, "ನೀನು ಪಾಲಿಸದಿದ್ರೂ ಬೆಡಗು ಬೆಡಗೇ ಕಣಪ್ಪ. ಮಾಳಿ ನಿನಗೆ ತಂಗಿ ಆಗ್ತಾಳೆ" ಎಂದು ಹೇಳಿ ಹೊರಟರು.

ಅವ್ವ ನೀರಿನ ಚೊಂಬು ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ನೆಂಟರ ಮುಂದೆ ಮಗನನ್ನು ಸುಳ್ಳುಗಾರನನ್ನಾಗಿ ಮಾಡಲಾರದೆ ಸುಮ್ಮನಿದ್ದಳು. ಅವರು ಬೀದಿ ದಾಟಿದ ಮೇಲೆ ಕೇಳಿದಳು: "ನಿಮ್ಮಪ್ಪನ ಹೆಸರನ್ನೇ ಅಳಿಸಿಬಿಟ್ಯಲ್ಲೋ ತಿಪ್ಪ. ಆ ಮಗಳಿಂದ ಕಣ್ಣು ಬಂತು ನನಗೆ. ಇದನ್ನ ನೋಡಾಕೇನೋ?"

ಅವಳು ಮತ್ತೆ ಹೊಸದುರ್ಗಕ್ಕೆ ಬರಲಿಲ್ಲ. ‘ಅವ್ವನಿಗೆ ನನ್ನ ಮೇಲೆ ಬೇಜಾರಾ?’ ಎಂದು ನೀವು ಎಷ್ಟು ಸಲ ಕೇಳಿದಿರಿ. ನಿಮಗೆ ಮುಖ ತೋರಿಸಲಾರದೆ ಅವಳು ಬರಲಿಲ್ಲ. ಹಾಗೇ ಸತ್ತಳು.

ನಿಮಗೆ ಬೆಡಗಿನ ಹಂಗಿರಲಿಲ್ಲ. ನಿಮ್ಮಪ್ಪನಿಗಿತ್ತು. "ಅಪ್ಪನಿಗೆ ಇನ್ನೇನು ಉಳಿದೈತೆ ಮೇಷ್ಟ್ರೇ, ನಂಬಿಕೆ ಒಂದು ಐತೆ. ಅವರು ಇರೋತನಕ ಅದನ್ನ ಮುರಿಯಾಕೆ ನನ್ನಿಂದ ಆಗಲ್ಲ" ಎಂದಿರಿ. ಆ ಮಾತು ನೀವು ಹೇಳುತ್ತೀರಿ ಎಂದು ನನಗೆ ಮೊದಲೇ ಗೊತ್ತಿತ್ತು. ಸುಳ್ಳನ್ನು ನಾನು ಸರಿಯಾಗಿ ಅಲ್ಲೇ ಇಟ್ಟಿದ್ದೆ, ನಿಮ್ಮ ಒಳ್ಳೆಯತನ ಇದ್ದ ಜಾಗದಲ್ಲಿ. ಆಮೇಲೆ ನೀವು ಬೆಂಗಳೂರಿನ ಸೀಟು ಬಿಟ್ಟಿರಿ. ನಾನು ಮೈಸೂರಿಗೆ ಹೋದೆ. ಕೆಲವು ವರ್ಷಗಳಲ್ಲಿ ನಾನೂ ಡಾಕ್ಟರಾದೆ, ಯಾರ ನಾಡಿಯನ್ನೂ ಹಿಡಿಯಬೇಕಿಲ್ಲದ ಡಾಕ್ಟರು.

ರಜೆಯಲ್ಲಿ ಮಾತ್ರ ನಿಮ್ಮ ಮನೆಗೆ ಬರುತ್ತಿದ್ದೆ. ನಿಮ್ಮಪ್ಪ ನನ್ನನ್ನು ಮೇಷ್ಟ್ರೇ ಎನ್ನುವುದನ್ನು ಬಿಟ್ಟಿದ್ದರು. "ಬಾ ಮಗಾ. ಅಳಿಯ ಆಗದಿದ್ರೆ ಹೋಗ್ಲಿ, ಮಗ ಆದ್ಯಲ್ಲ. ಗಂಡು ಮಗ ಇಲ್ಲ ಅನ್ನೋ ಕೊರಗಿತ್ತು ನನಗೆ" ಎನ್ನುತ್ತಿದ್ದರು. ಅವರ ಎದುರಿಗೆ ನೀವು ನನ್ನನ್ನು ಅಣ್ಣ ಎನ್ನಬೇಕಾಗಿತ್ತು. ಹಾಗೆ ಕರೆದು, ಅಡುಗೆಮನೆಗೆ ಬಂದು ನನಗೆ ಬೆನ್ನು ಮಾಡಿ ಲೋಟ ತೊಳೆಯುತ್ತಿದ್ದಿರಿ. ಅಲ್ಲಿ ಇನ್ನೂ ಮೇಷ್ಟ್ರೇ ಎಂದೇ ಕರೆಯುತ್ತಿದ್ದಿರಿ. ಆ ಒಂದು ಪದಕ್ಕಾಗಿ ನಾನು ಮೈಸೂರಿನಿಂದ ಬರುತ್ತಿದ್ದೆನೋ ಏನೋ.

ಅವರು ತೀರಿಕೊಂಡ ದಿನ ನಾನು ತಲುಪುವಷ್ಟರಲ್ಲಿ ಗುಣಿ ತೋಡಿ ಆಗಿತ್ತು. ಮೊದಲ ಹಿಡಿ ಮಣ್ಣು ಯಾರು ಹಾಕುವುದೆಂಬ ಮಾತು ನಡೆದಿತ್ತು. ನೀವು ಕೇಳಿದ್ದಿರಿ: "ನಾನೇ ಹಾಕ್ತೀನಿ. ಇಷ್ಟು ವರ್ಷ ಎತ್ತಿದ್ದೀನಿ, ಇಳಿಸಾಕೆ ಬರಲ್ವಾ?" ಹಿರಿಯರು ಅರ್ಧ ಒಪ್ಪಿದ್ದರಂತೆ. ಗಂಡು ಮಗ ಇಲ್ಲದ ಮನೆ, ಹಾಕಲಿ ಬಿಡಿ ಎಂದು. ಅಷ್ಟರಲ್ಲಿ ನಾನು ಬಂದೆ. ನಿಮ್ಮ ಚಿಕ್ಕಪ್ಪ ಕೂಗಿದರು: "ಆ ಕಡೆ ಸರಿಯಮ್ಮ ಮಾಳಿ, ಮಗ ಬಂದ."

ನೀವು ಹಿಂದೆ ಸರಿದಿರಿ. ನಾನು ಬಗ್ಗಿ ಮಣ್ಣು ತೆಗೆದುಕೊಂಡೆ. ಇಲ್ಲಿ ಮಾತ್ರ ನನ್ನ ನೆನಪು ಎಲ್ಲೂ ತಪ್ಪುವುದಿಲ್ಲ — ಒದ್ದೆ ಮಣ್ಣು, ನನ್ನ ಕೈ ಮೇಲೆ ಎಲ್ಲರ ಕಣ್ಣು, ಪಕ್ಕದಲ್ಲಿ ಬರಿಗೈಯಲ್ಲಿ ನೀವು. ಅಲ್ಲಿಯೂ ಹೇಳಬಹುದಿತ್ತು. ಹಾಕಿದೆ.

ಕೆಲವು ತಿಂಗಳು ಕಳೆದು ನಿಮ್ಮ ಹತ್ತಿರ ಬಂದೆ. ಎಲ್ಲ ಹೇಳಿ, ಮದುವೆಯ ಮಾತು ಮತ್ತೆ ಎತ್ತುವುದೆಂದು. ಹೊತ್ತುಕೊಳ್ಳಬೇಕಾದ ಭಾರ ತೀರಿದ ಮೇಲೆ ಬಂದೆ ಎನ್ನುವುದು ಬಸ್ಸಿನಲ್ಲಿ ಕೂತಾಗಲೂ ನನಗೆ ತಿಳಿದಿತ್ತು, ತಿಳಿದೂ ಬಂದೆ. ಮನೆಯಲ್ಲಿ ನಿಮ್ಮನ್ನು ಬಿಟ್ಟು ಯಾರೂ ಇರಲಿಲ್ಲ. ಖಾಲಿ ಮಂಚಕ್ಕೆ ನೀವು ಹೊಸ ಹಾಸಿಗೆ ಹಾಸಿದ್ದಿರಿ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನೀವೇ ಅಂದಿರಿ:

"ಆ ದಿನ ನೀವು ಬರದಿದ್ರೆ ನಾನು ಕುಸಿದು ಬೀಳ್ತಿದ್ದೆ ಅಣ್ಣಾ."

ಕೇಳಿಸಿಕೊಳ್ಳಲು ಅಪ್ಪ ಇರಲಿಲ್ಲ. ಯಾರಿಗಾಗಿಯೂ ಹಾಗೆ ಕರೆಯಬೇಕಿರಲಿಲ್ಲ. ನೀವೇ, ನಿಮ್ಮ ಮನಸ್ಸಿನಿಂದ — ನಾನು ಚಾ ಕುಡಿದು ಎದ್ದು ಬಂದೆ.

ಆಮೇಲೆ ಇಬ್ಬರೂ ಮದುವೆಯಾಗಲಿಲ್ಲ. ಹೋದ ತಿಂಗಳು ಹೊಸದುರ್ಗದಲ್ಲಿ ನಿಮಗೆ ಸನ್ಮಾನ ಮಾಡಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. "ನನಗೆ ಒಡಹುಟ್ಟಿದವರಿಲ್ಲ, ಆದ್ರೆ ನಮ್ಮಪ್ಪನಿಗೆ ಮಗನಾದ ಅಣ್ಣ ಒಬ್ಬರು ಇಲ್ಲಿ ಕುಂತವ್ರೆ" ಎಂದು ಮೈಕಿನಲ್ಲಿ ಹೇಳಿದಿರಿ. ಜನ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈ ಮುಗಿದೆ. ಈ ವಯಸ್ಸಿನಲ್ಲೂ, ಮಾಳಮ್ಮ, ಎದ್ದು ಕೈ ಮುಗಿದೆ.

ಬರುವ ಭಾನುವಾರ ಬರುತ್ತೇನೆ. ಇದನ್ನು ಅಚ್ಚಿಗೆ ಕೊಡುವ ಮೊದಲು ನಿಮಗೆ ಓದಿ ಹೇಳುತ್ತೇನೆ. ನಿಮ್ಮ ಚಿಕ್ಕಪ್ಪನ ಮಕ್ಕಳನ್ನೂ ಕರೆಸಿ. ಸುಳ್ಳು ನಾಲ್ಕು ಜನರ ಎದುರು ಆಗಿತ್ತು, ನಿಜವೂ ಹಾಗೇ ಆಗಲಿ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ನಮ್ಮಪ್ಪನ ಹೆಸರು ಹೇಳುತ್ತೇನೆ, ಅವನ ಬೆಡಗು ಹೇಳುತ್ತೇನೆ. ನಿಮ್ಮಪ್ಪನಿಗೆ ಮೊದಲು ಮಣ್ಣು ಹಾಕಿದವನು ಯಾವ ಸಂಬಂಧವೂ ಇಲ್ಲದ ಗಂಡಸು, ಆ ಮಣ್ಣು ನಿಮ್ಮ ಕೈಯಿಂದ ಬೀಳಬೇಕಿತ್ತು ಎಂದು ಅವರೆಲ್ಲ ಕೇಳುವಂತೆ ಹೇಳುತ್ತೇನೆ. ಅದಾದ ಮೇಲೆ ನೀವು ನನ್ನನ್ನು ಏನೆಂದೂ ಕರೆಯಬೇಕಾಗಿಲ್ಲ.