ನಮ್ಮ ಪಡಸಾಲೆ, ಅವರ ಕೇರಂ

ಕಳೆದ ಸೋಮವಾರ ಮಧ್ಯಾಹ್ನ ಊಟ ಮುಗಿಸಿ, ಸಿಂಧನೂರಿನ ನಮ್ಮ ಓಣಿಯ ಮನರಂಜನಾ ಕೇಂದ್ರಕ್ಕೆ ಹೋದೆ. ಬಾಗಿಲಿಗೆ ಹೊಸ ಬೀಗ! ಕಟ್ಟೆಯ ಮೇಲೆ ಪಕ್ಕದ ಮನೆಯ ಪಾರ್ವತಮ್ಮ ಚೌಕಾಬಾರದ ಕವಡೆಗಳನ್ನು ಉಡಿಯಲ್ಲಿಟ್ಟುಕೊಂಡು ಕುಳಿತಿದ್ದಳು. ಮುಖ ಕೆಂಪಗಾಗಿತ್ತು.

ಮಧ್ಯಾಹ್ನ ಹೆಂಗಸರ ಪಾಳಿ, ಸಂಜೆ ಗಂಡಸರದು. ಇದು ಮೊದಲಿನಿಂದ ನಡೆದು ಬಂದ ರಿವಾಜು. ಕಾರ್ಯದರ್ಶಿ ಬಸವರಾಜ ಅದನ್ನು ಒಂದೇ ಏಟಿಗೆ ರದ್ದು ಮಾಡಿದ್ದ. ಕಾರಣ? ಲಿಂಗಸುಗೂರು, ಮಸ್ಕಿ ತಂಡಗಳ ಜೊತೆ ಕೇರಂ ಟೂರ್ನಮೆಂಟಂತೆ. ಪ್ರ್ಯಾಕ್ಟೀಸಿಗೆ ಹಗಲೆಲ್ಲ ಬೇಕಂತೆ. ತಾವು ಊಟಕ್ಕೆ ಹೋದಾಗ ಬೀಗ, ಕೀಲಿ ಅವನ ಜೇಬಿನಲ್ಲಿ.

ಪಾಳಿಗೆ ಬಂದ ಹೆಂಗಸರೆಲ್ಲ ಸೇರಿ ಅವನನ್ನು ಕರೆಸಿದೆವು. ಬಂದ.

"ನಾವೇನು ಆಡಬ್ಯಾಡ್ರಿ ಅನ್ನಾಕತ್ತಿಲ್ರೀ ಅಕ್ಕಾರ. ಮನ್ಯಾಗ ಕುಂತು ಆಡ್ರಿ. ಈ ಸೆಂಟರ್ ಕಟ್ಟಿದೋರು ನಾವು. ಬೋರ್ಡ್ ತಂದೋರು ನಾವು, ಟಿವಿ ತಂದೋರು ನಾವು."

ಕಟ್ಟಿದವರಂತೆ! (ಇಟ್ಟಿಗೆ ಹೊತ್ತವನ ಹಾಗೆ ಎದೆ ಉಬ್ಬಿಸಿದ್ದ.) ಇದು ಮೊದಲು ಭತ್ತದ ಗೋದಾಮು. ಎಂಬತ್ತರ ಆಸುಪಾಸಿನಲ್ಲಿ ಮಿಲ್ಲಿನ ಸಾವುಕಾರರು ಓಣಿಗೆ ಬಿಟ್ಟುಕೊಟ್ಟರು. ಷರತ್ತು ಒಂದೇ: ಸುಗ್ಗಿಯಲ್ಲಿ ಮಿಲ್ಲು ತುಂಬಿದರೆ, ಮಿಕ್ಕ ಚೀಲಗಳಿಗೆ ಓಣಿಯವರು ಜಾಗ ಕೊಡಬೇಕು. ಇಲ್ಲವಾದರೆ ಗೋದಾಮು ವಾಪಸ್.

ಅಂದಿನಿಂದ ಆ ಚೀಲಗಳು ಕೂರುವುದೆಲ್ಲಿ? ನಮ್ಮ ಪಡಸಾಲೆಗಳಲ್ಲಿ. ಇಲಿ ಓಡಿಸುವವರು ಯಾರು? ಭತ್ತದ ಧೂಳಿಗೆ ಮೈ ತುರಿಸಿಕೊಳ್ಳುತ್ತ ಮೂಲೆಯಲ್ಲಿ ರೊಟ್ಟಿ ಬಡಿಯುವವರು ಯಾರು? ಆ ಹೊತ್ತಿಗೆ ಇವರು ಸೆಂಟರಿನಲ್ಲಿ ಸ್ಟ್ರೈಕರ್ ಹೊಡೆಯುತ್ತಿರುತ್ತಾರೆ.

ಮಧ್ಯಾಹ್ನದ ನಮ್ಮ ಪಾಳಿಯ ಆ ಎರಡು ಮೂರು ತಾಸು ಅಂದರೆ ನಮಗೆ ಜೀವ. ಅತ್ತೆ, ಒಲೆ, ಎಮ್ಮೆ ಯಾವುದರ ಕಾಟವೂ ಇಲ್ಲದೆ ಬಾಯ್ತುಂಬ ನಗಲು ನಮಗೆ ಊರಲ್ಲಿ ಬೇರೆ ಜಾಗ ಎಲ್ಲಿದೆ? ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಪಾರ್ವತಮ್ಮ ತಣ್ಣಗೆ ಎದ್ದಳು.

"ಆತು ಬಿಡೋ ತಮ್ಮಾ, ಮನ್ಯಾಗ ಆಡ್ತೀವಿ. ಆಡಾಕ ಪಡಸಾಲಿ ಖಾಲಿ ಇರಬೇಕಲ್ಲ? ಈ ಸುಗ್ಗಿಗೆ ಒಂದು ಚೀಲಾನೂ ಒಳಗ ಬಿಡಂಗಿಲ್ಲ."

ಬಸವರಾಜ ನಕ್ಕ. ಬೇರೆ ಯಾರೂ ನಗಲಿಲ್ಲ.

"ಹಂಗಂದ್ರ ಹೆಂಗ್ರೀ? ಸಾವ್ಕಾರ್ರು ಗೋದಾಮು ಕಸ್ಗೋತಾರ!"

"ಕಸ್ಗೊಳ್ಳಲಿ. ಕಟ್ಟಿದೋರು ನೀವೇ ಅಲ್ಲ? ಇನ್ನೊಂದು ಕಟ್ರಿ."

ಮರುದಿನ ಮನೆಮನೆಗೂ ಸುದ್ದಿ ಹೋಯಿತು. ಎಲ್ಲರೂ ಸೈ ಅಂದರು, ಬಸವರಾಜನ ಹೆಂಡತಿಯೂ. (ಚೌಕಾಬಾರದಲ್ಲಿ ಆಕೆಯನ್ನು ಸೋಲಿಸಿದವರಿಲ್ಲ.)

ಬೀಗ ಇನ್ನೂ ತೆಗೆದಿಲ್ಲ. ಮುಕ್ಕುಂದದ ಕಡೆ ಕೊಯ್ಲು ಶುರುವಾಗಿದೆ, ಮಿಲ್ಲು ತುಂಬುತ್ತಿದೆ. ನಮಗೇನೂ ಅವಸರವಿಲ್ಲ.

ಕಾರ್ಯದರ್ಶಿಗಳೇ, ಅಷ್ಟೂ ಚೀಲ ಆ ಕೇರಂ ಬೋರ್ಡಿನ ಮೇಲೆ ಹಿಡಿಸುತ್ತವೆಯೇ?