ಡಾಕ್ಟರಮ್ಮನ ‘ಹೂಂ’ ಮತ್ತು ನಮ್ಮ ಅತ್ತಿಗೆ

ನನ್ನ ಅಕ್ಷರ ದುಂಡಗಿಲ್ಲ, ಗೆರೆ ಬಿಟ್ಟು ಕೆಳಗೆ ಇಳಿಯುತ್ತದೆ. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಮಾತು ಜೋಡಿಸುವುದೂ ಅಷ್ಟಕ್ಕಷ್ಟೆ. ಓದುವವರು ಬೇಸರ ಮಾಡಿಕೊಳ್ಳಬಾರದು. ನಮ್ಮ ಅತ್ತಿಗೆ ಮುನಿಲಕ್ಷ್ಮಮ್ಮನ ಬಗ್ಗೆ ಯಾರಾದರೂ ಬರೆಯಬೇಕಿತ್ತು, ಬೇರೆ ಯಾರೂ ಬರೆಯುವ ಹಾಗೆ ಕಾಣಲಿಲ್ಲ.

ಅತ್ತಿಗೆ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಾರೆ. ಮಿಷಿನ್‌ಗಳ ಸದ್ದಿನಲ್ಲಿ ಮಾತಾಡಿ ಮಾತಾಡಿ, ಅವರು ಪಿಸುಗುಟ್ಟಿದರೂ ನಮ್ಮ ವಠಾರದ ಕೊನೇ ಮನೆಗೆ ಕೇಳುತ್ತದೆ. ಈಗ ಅವರಿಗೆ ಏಳು ತಿಂಗಳು.

ಹೋದ ಸಲ ರಾಜಾಜಿನಗರದ ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ ‘ಹೂಂ’ ಅಂದರಂತೆ. “ಮುಂದಿನ ಸಲ ಹಸ್ಬೆಂಡ್‌ನ ಕರ್ಕೊಂಡು ಬಾ. ನೆಕ್ಸ್ಟ್” ಅಂದರಂತೆ. ಅಷ್ಟೇ.

ನಮ್ಮ ವಠಾರದಲ್ಲಿ ಡಾಕ್ಟರು ಗಂಡನನ್ನು ಕರೆಸಿದರೆ ಒಂದೇ ಅರ್ಥ, ಹೆಂಗಸಿಗೆ ಹೇಳಲಾಗದ ಕೆಟ್ಟ ಸುದ್ದಿ. ಅಮ್ಮ ಅಣ್ಣಮ್ಮ ದೇವಿಗೆ ಹರಕೆ ಹೊತ್ತರು. ಪಕ್ಕದ ಮನೆ ಯಶೋದಮ್ಮ ದಿನಾ ಸಾರು ತಂದುಕೊಟ್ಟು, ಅತ್ತಿಗೆಯ ತಲೆ ಸವರಿ ಹೋಗುತ್ತಿದ್ದರು. ಅಣ್ಣ ಪುರುಷೋತ್ತಮ ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದ. ಅತ್ತಿಗೆಯ ಸದ್ದೇ ನಿಂತುಹೋಯಿತು. ಮಗುವಿಗೆ ಏನಾಗಿದೆ ಎಂದು ಒಬ್ಬರಿಗೂ ಗೊತ್ತಿಲ್ಲ.

ಮೊನ್ನೆ ಮಂಗಳವಾರ ಅತ್ತಿಗೆ ಸೆರಗು ಬಿಗಿದು ಹೊರಟರು. “ನಿಮ್ಮಣ್ಣ ಬೇಡ ಕಣೇ. ಡಾಕ್ಟರಮ್ಮ ಅವರಿಗೆ ಹೇಳಿದ್ರೆ ಅವರು ನಂಗೆ ಹೇಳಲ್ಲ. ನೀನು ಬಾ.”

ಬಿ.ಟಿ.ಎಸ್. ಬಸ್ಸಿನಲ್ಲಿ ಹೋದೆವು. ಅಲ್ಲಿ ಡಾಕ್ಟರ ರೂಮಿನೊಳಗೇ ಬೆಂಚು. ಡಾಕ್ಟರ ಮೇಜಿನ ಮುಂದಿನ ಸ್ಟೂಲಿನಿಂದ ಒಬ್ಬರು ಎದ್ದ ಕೂಡಲೇ ಬೆಂಚಿನವರೆಲ್ಲ ಒಂದೊಂದು ಜಾಗ ಸರಿಯಬೇಕು. ಅತ್ತಿಗೆಯನ್ನು ಮಲಗಿಸಿ ನೋಡಿ, ಮತ್ತೆ ಸ್ಟೂಲಿಗೆ ಕೂರಿಸಿ, ಡಾಕ್ಟರಮ್ಮ ಮತ್ತೆ ‘ಹೂಂ’ ಅಂದರು. “ಹಸ್ಬೆಂಡ್ ಬಂದಿಲ್ವಾ? ನೆಕ್ಸ್ಟ್.”

ಅತ್ತಿಗೆ ಏಳಲಿಲ್ಲ.

“ಏನಮ್ಮ?”

“ಆ ಹೂಂ ಯಾಕೆ ಅಂತ ಹೇಳಿ ಮೇಡಂ, ಎದ್ದು ಹೋಗ್ತೀನಿ.”

“ಹೊರಗಡೆ ಎಷ್ಟು ಜನ ಕಾಯ್ತಿದಾರೆ ನೋಡಿದೀಯಾ?”

“ನೋಡಿದೀನಿ. ಹೊಟ್ಟೆ ನಂದಲ್ವಾ ಮೇಡಂ, ನಂಗೆ ತಾನೇ ಹೇಳ್ಬೇಕು?”

ನಾನು ನಾಚಿಕೆಯಿಂದ ನನ್ನ ಚಪ್ಪಲಿ ನೋಡುತ್ತಿದ್ದೆ. ಬೆಂಚಿನಲ್ಲಿದ್ದ ಲಗ್ಗೆರೆಯ ಹೆಂಗಸೊಬ್ಬರು, “ಹೇಳ್ಬಿಡಿ ಮೇಡಂ, ನಾವು ಕಾಯ್ತೀವಿ. ನಂಗೂ ಹೋದ್ಸಲ ಹೂಂ ಅಂದಿದ್ರಿ” ಅಂದರು.

“ನಂಗೆ ಅದೂ ಇಲ್ಲ!” ಅಂದರು ಇನ್ನೊಬ್ಬರು. ಬೆಂಚೆಲ್ಲ ನಕ್ಕಿತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಸಿಟ್ಟು ಬಂತೇನೋ ಅಂದುಕೊಂಡೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡು, ಎರಡೂ ಕೈಯಲ್ಲಿ ತೋರಿಸುತ್ತಾ ಹೇಳಿದರು. ಮಗು ಚೆನ್ನಾಗಿದೆ. ತಲೆ ಮೇಲೆ ಮಾಡಿ ಕೂತಿದೆ. ಇನ್ನೂ ಟೈಮಿದೆ, ತಾನೇ ತಿರುಗಬಹುದು. ತಿರುಗದಿದ್ದರೆ ಆಪರೇಷನ್ ಆದರೂ ಆಗಬಹುದು, ಆಗ ಗಂಡನ ಸಹಿ ಬೇಕು. ಕರೆದದ್ದು ಅದಕ್ಕೇ.

“ಇಷ್ಟೇನಾ!” ಅತ್ತಿಗೆಯ ದನಿ ವಾಪಸ್ ಬಂತು. ಹೊರಗೆ ಕೂತಿದ್ದವರೂ ಬಾಗಿಲಲ್ಲಿ ಇಣುಕಿದರು. “ಹಂಗಾದ್ರೆ ಅಪ್ಪನ ಥರಾನೇ. ಅವರನ್ನ ನಾನು ಹೇಳಿದ ಕಡೆ ತಿರುಗ್ಸೋಕೆ ಎರಡು ವರ್ಷ ಹಿಡೀತು ಮೇಡಂ!”

ಡಾಕ್ಟರಮ್ಮ ನಕ್ಕೇಬಿಟ್ಟರು. ಲಗ್ಗೆರೆಯವರನ್ನು ಕರೆದು, “ನೀವು ಬನ್ನಿ, ನಿಮ್ಮದೇನಮ್ಮ ಹೂಂ?” ಎಂದು ಕೇಳಿದರು.

ಆ ದಿನ ಅಣ್ಣ ಮುದ್ದೆಯನ್ನು ಕೇಳಿ ಕೇಳಿ ಹಾಕಿಸಿಕೊಂಡ. ಅಮ್ಮ ಮಾತ್ರ, “ತಿರುಗೋವರ್ಗೂ ಹರಕೆ ಇರ್ಲಿ” ಅಂದರು.

ಮುಂದಿನ ಸಲ ಅಣ್ಣನೂ ಬರುತ್ತಾನೆ. ನಾನೂ ಹೋಗುತ್ತೇನೆ. ಮಗು ತಿರುಗಿದೆಯೇ ಎಂದು ಡಾಕ್ಟರಮ್ಮನನ್ನು ನಾನೇ ಕೇಳುತ್ತೇನೆ.